ಗ್ಯಾರೇಜಿನ ಮೇಜು

ಡೇಟನ್, ಓಹಾಯೋ
14 ಮಾರ್ಚ್ 1994

ಪ್ರೀತಿಯ ಅಪ್ಪ,

ಕೊನೆಯ ವೈದ್ಯಕೀಯ ಕಾಲೇಜಿನ ಉತ್ತರ ಶುಕ್ರವಾರ ಬಂತು. ತೆಳ್ಳಗಿನ ಲಕೋಟೆ, ಅಂದರೆ ಸೀಟಿಲ್ಲ. ಒಡೆಯುವ ಮೊದಲೇ ಗೊತ್ತಾಗುತ್ತದೆ, ಆದರೂ ಒಡೆದೆ. ಈ ವರ್ಷ ಅರ್ಹ ಅಭ್ಯರ್ಥಿಗಳ ಸಂಖ್ಯೆ ಅಸಾಧಾರಣವಾಗಿತ್ತಂತೆ. ನಾನು ಅರ್ಜಿ ಹಾಕಿದ ಮೂರು ವರ್ಷವೂ ಅದು ಅಸಾಧಾರಣವಾಗಿಯೇ ಇತ್ತು. ನಿಂತುಕೊಂಡೇ ಓದಿ, ಫ್ರಿಜ್ಜಿನ ಮೇಲಿಟ್ಟು, ಒಂದು ಮೊಟ್ಟೆ ಬೇಯಲು ಇಟ್ಟೆ. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಮೊಟ್ಟೆ ಕಲ್ಲಿನಂತಾಯಿತು.

ಫೋನ್ ಮಾಡಬಹುದಿತ್ತು. ಆದರೆ ನಮ್ಮ ಮನೆಯ ಫೋನು ರೋಗಿಗಳದ್ದು ಎಂದು ನೀವು ನನಗೆ ಮಾತು ಬರುವ ಮೊದಲೇ ಕಲಿಸಿದ್ದೀರಿ. ಮಾಡಿದ್ದರೂ ನಾವಿಬ್ಬರೂ ಹವೆಯ ವಿಷಯ ಹೇಳಿ ಇಟ್ಟುಬಿಡುತ್ತಿದ್ದೆವು.

ಕೆಲಸ ಹಾಗೇ ನಡೆದಿದೆ. ಬೆಳಿಗ್ಗೆ ವಾರ್ಡುಗಳನ್ನು ಸುತ್ತಿ ರಕ್ತ ತೆಗೆಯುತ್ತೇನೆ. "ಚುಚ್ಚಿದ್ದೇ ಗೊತ್ತಾಗ್ಲಿಲ್ಲ ಕಣಮ್ಮಾ" ಎನ್ನುತ್ತಾರೆ. ಈಚೆಗೆ ನನಗೂ ಗೊತ್ತಾಗುವುದಿಲ್ಲ.

ಇವತ್ತು ನಾನು ಓದಿದ ಕಾಲೇಜಿನ ಸಲಹೆಗಾರ್ತಿ ಮಿಸೆಸ್ ಡೋರ್ಸಿಯವರನ್ನು ನೋಡಿದೆ. "ಇನ್ನೂ ಎಷ್ಟು ವರ್ಷ ಅದೇ ಕಾಲೇಜುಗಳ ಮುಂದೆ ಹೋಗಿ ನಿಲ್ತೀಯಾ? ಆಸ್ಟಿಯೋಪಥಿ ಶಾಲೆಗಳಿಗೆ ಯಾಕೆ ಹಾಕಿಲ್ಲ?" ಎಂದರು. ಅಲ್ಲಿ ಕಲಿತವರೂ ಪೂರ್ತಿ ವೈದ್ಯರೇ, ಔಷಧ ಬರೆಯುತ್ತಾರೆ, ಶಸ್ತ್ರಚಿಕಿತ್ಸೆ ಮಾಡುತ್ತಾರೆ, ಅದರ ಜೊತೆಗೆ ಬೆನ್ನು ಕತ್ತುಗಳನ್ನು ಕೈಯಿಂದ ಸರಿಪಡಿಸುವುದನ್ನೂ ಕಲಿಯುತ್ತಾರೆ, ಹೆಸರಿನ ಮುಂದೆ ಎಂ.ಡಿ. ಬದಲು ಡಿ.ಒ. ಎಂದಿರುತ್ತದೆ, ಅಷ್ಟೇ ಎಂದು ವಿವರಿಸಿದರು.

"ನಮ್ಮಪ್ಪ ಎಂ.ಡಿ." ಎಂದೆ.

"ನಾನು ಕೇಳಿದ್ದು ನಿಮ್ಮಪ್ಪನ ವಿಷಯ ಅಲ್ಲ."

ಅಪ್ಪ, ನಾನು ಹೈಸ್ಕೂಲಿಗೆ ಸೇರಿದ ವರ್ಷ ಮೇವಿನ ಅಂಗಡಿಯ ಪಕ್ಕ ಒಬ್ಬ ಡಿ.ಒ. ಬೋರ್ಡು ಹಾಕಿದ್ದರು, ನೆನಪಿದೆಯೇ? "ಊರಿಗೊಬ್ಬ ಲಟಿಕೆ ಡಾಕ್ಟ್ರು ಬಂದಿದಾರಂತೆ" ಎಂದು ನಾನು ಊಟದ ಹೊತ್ತಿನಲ್ಲಿ ಅಂದೆ. ಬೆನ್ನು ಕತ್ತಿನ ಲಟಿಕೆ ಮುರಿಯುವವರೆಂದು ಶಾಲೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು. ನೀವು ನಗಲಿಲ್ಲ, ಬೈಯಲೂ ಇಲ್ಲ. ತಟ್ಟೆಯಲ್ಲಿ ಊಟ ಇರುವಾಗಲೇ ಎದ್ದು ಕೈ ತೊಳೆಯಲು ಹೋದಿರಿ. ಆ ಜನರ ಮಾತೆತ್ತುವುದೂ ನಿಮಗೆ ಬೇಡವೆಂದು ಅವತ್ತು ತಿಳಿದುಕೊಂಡೆ. ಈ ಮೂರು ವರ್ಷ ಆ ಶಾಲೆಗಳಿಗೆ ಅರ್ಜಿ ಹಾಕದೆ ಇದ್ದದ್ದೂ ಅದಕ್ಕೇ.

ಜೂನ್ ತಿಂಗಳಲ್ಲಿ ಹಾಕಬೇಕೆಂದಿದ್ದೇನೆ. ಇದು ಕೊನೆಯ ಸಲ. ಇದೂ ಆಗದಿದ್ದರೆ ಇನ್ನು ಆ ಮಾತು ಎತ್ತುವುದಿಲ್ಲ. ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ. ಅಂದರೆ, ಕೇಳುತ್ತಿದ್ದೇನೆ.

ನಿಮ್ಮ
ಥೀಯಾ


ಟುಲೇರ್, ಕ್ಯಾಲಿಫೋರ್ನಿಯಾ
29 ಮಾರ್ಚ್ 1994

ಥೀಯಾ,

ಕಾಗದ ತಲುಪಿತು. ಕಾಲೇಜಿನ ಸುದ್ದಿ ಬೇಸರದ್ದು.

ಇಲ್ಲಿ ಮಂಜು ಮುಗಿಯಿತು. ಬಾದಾಮಿ ಹೂವೂ ಉದುರಿತು. ಬೋರ್ಬಾನಿಗೆ ಅವನ ಹಸು ಮತ್ತೆ ಒದ್ದಿದೆ. ಹೋದ ಸಲ ಬಲಗಾಲು, ಈ ಸಲ ಎಡಗಾಲು. "ಈಗ ಜೋಡಿ ಸರಿಹೋಯ್ತು ಡಾಕ್ಟ್ರೇ" ಎನ್ನುತ್ತಾನೆ. ಮೂಳೆಗೆ ಏನೂ ಆಗಿಲ್ಲ.

ನಿನ್ನ ಕಾರಿನ ಎಣ್ಣೆ ಬದಲಾಯಿಸಿ ಎಷ್ಟು ದಿನವಾಯಿತು? ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ಅಡಿಭಾಗವನ್ನು ತಿಂದುಬಿಡುತ್ತದೆ. ತೊಳೆಸು.

ನಿನ್ನ ತಂದೆ,
ಗೆರಿಟ್ ವೇನ್‌ಸ್ಟ್ರಾ

ಅಮ್ಮನ ಎರಡು ಸಾಲು: ಮೊಟ್ಟೆ ಒಂದೇ ತಿಂದ್ರೆ ಹೊಟ್ಟೆ ತುಂಬುತ್ತೇನೇ? ನೀನು ಎಲ್ಲಿಗೆ ಬೇಕಾದ್ರೂ ಅರ್ಜಿ ಹಾಕು. ನಿಮ್ಮಪ್ಪ ಏನೂ ಹೇಳ್ಲಿಲ್ಲ ಅಂದ್ರೆ ಬೇಡ ಅಂದಹಾಗಲ್ಲ. ಬೇಕು ಅಂದಹಾಗೂ ಅಲ್ಲ. ನಾನು ಕಟ್ಕೊಂಡಾಗಿನಿಂದ ಹೀಗೇ. — ಅಲೈಡಾ


ಡೇಟನ್
20 ಜೂನ್ 1994

ಪ್ರೀತಿಯ ಅಪ್ಪ,

ಕಾರು ತೊಳೆಸಿದೆ.

ಅರ್ಜಿ ಹಾಕಿದ್ದೇನೆ. ಅದರಲ್ಲಿ ಒಂದು ಪ್ರಬಂಧ ಬರೆಯಬೇಕು, ವೈದ್ಯಳಾಗಲು ಯಾಕೆ ಬಯಸುತ್ತೇನೆ ಎಂದು. ಕಳೆದ ಮೂರು ಸಲವೂ ಒಂದೇ ಪ್ರಬಂಧವನ್ನು ಅಲ್ಲಲ್ಲಿ ತಿದ್ದಿ ಕಳಿಸಿದ್ದೆ: ನೀವು ನನ್ನನ್ನು ಬೋರ್ಬಾನ ಮನೆಗೆ ಕರೆದೊಯ್ದದ್ದು, ಅವನ ಹೆಂಡತಿ ಹೆರುವಾಗ ನಾನು ಹೊರಗೆ ಹಾಲಿನ ಕ್ಯಾನಿನ ಮೇಲೆ ಕೂತಿದ್ದದ್ದು, "ನನ್ನ ತಂದೆ ಎಂ.ಡಿ." ಎಂಬ ಮೊದಲ ವಾಕ್ಯ. ಇವರು ಆಸ್ಟಿಯೋಪಥಿಯೇ ಯಾಕೆ ಎಂದೂ ಕೇಳುತ್ತಾರೆ. ಆ ವಾಕ್ಯ ಇಟ್ಟುಕೊಂಡು ಅದಕ್ಕೆ ಉತ್ತರ ಬರೆಯಲು ಬರುವುದಿಲ್ಲ. ಹಾಗಾಗಿ ಈ ಸಲ ನಿಮ್ಮನ್ನು ತೆಗೆದುಹಾಕಿದೆ. ಪ್ರಬಂಧ ಅರ್ಧವಾಯಿತು. ಉಳಿದರ್ಧಕ್ಕೆ ಏನು ತುಂಬಿದೆನೋ ಈಗ ನೆನಪಿಲ್ಲ.

ಒಬ್ಬ ಡಿ.ಒ. ವೈದ್ಯರ ಶಿಫಾರಸು ಪತ್ರವೂ ಬೇಕು. ನನಗೆ ಅಂಥವರು ಯಾರೂ ಗೊತ್ತಿಲ್ಲ. ಫೋನ್ ಪುಸ್ತಕದಲ್ಲಿ ಹುಡುಕಿ ಡಾ. ಆನ್ಸೆಲ್ ಕ್ರಾಲ್ ಎಂಬವರಿಗೆ ಫೋನ್ ಮಾಡಿದೆ. ವಯಸ್ಸಾದ ದನಿ. "ನಾನೇ ಬೇಕು ಅಂತ ಫೋನ್ ಮಾಡಿದ್ಯೋ, ಬೇರೆ ಯಾರೂ ಇಲ್ಲಾಂತ ಮಾಡಿದ್ಯೋ?" ಎಂದು ಕೇಳಿದರು.

"ಬೇರೆ ಯಾರೂ ಇಲ್ಲಾಂತ."

"ಎಂ.ಡಿ.ಯೋರು ಎಷ್ಟು ಸಲ ಬೇಡ ಅಂದ್ರು?"

"ಮೂರು ವರ್ಷ."

"ಸರಿ, ಸುಳ್ಳು ಹೇಳೋಳಲ್ಲ ನೀನು. ಗುರುವಾರ ಬಾ. ಮೆತ್ತನೆ ಶೂ ಹಾಕ್ಕೊಂಡು ಬಾ, ಇಲ್ಲಿ ಕೂರೋಕೆ ಕುರ್ಚಿ ಇಲ್ಲ."

ಗುರುವಾರ ನನಗೆ ರಜೆ. ಹೋಗುತ್ತೇನೆ.

ನಿಮ್ಮ
ಥೀಯಾ


ಟುಲೇರ್
11 ಜುಲೈ 1994

ಥೀಯಾ,

ಒಂದು ವಾರದಿಂದ ವಿಪರೀತ ಸೆಕೆ. ಹಸುಗಳು ಹಾಲು ಇಳಿಸಿವೆ ಎಂದು ಎಲ್ಲರೂ ನನ್ನ ಹತ್ತಿರ ದೂರುತ್ತಾರೆ, ಅದಕ್ಕೂ ನಾನು ಮಾತ್ರೆ ಬರೆದುಕೊಡಬೇಕೆಂಬಂತೆ.

ಚಿಕಿತ್ಸೆ ನೋಡಲು ನಿಂತಾಗ ಕೈಗಳನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಡ. ರೋಗಿಗಳಿಗೆ ಹಿಡಿಸುವುದಿಲ್ಲ.

ಕ್ರಾಲ್ ಎಂಬ ಹೆಸರು ನಾನು ಕೇಳಿಲ್ಲ. ಅವರು ಯಾವ ಕಾಲೇಜಿನವರು?

ನಿನ್ನ ತಂದೆ,
ಗೆರಿಟ್ ವೇನ್‌ಸ್ಟ್ರಾ

ಅಮ್ಮ: ನಿನ್ನ ಕಾಗದ ಅಂಗಿ ಜೇಬಲ್ಲೇ ಇಟ್ಕೊಂಡು ಓಡಾಡಿದ್ರು, ಅದು ಬಟ್ಟೆ ಜೊತೆ ಮೆಷಿನ್ನಿಗೆ ಹೋಯ್ತು. ತಂತಿ ಮೇಲೆ ಒಣಹಾಕಿದೀನಿ. ಒಳಗೆ ಸೆಕೆ ಅಂತ ಗ್ಯಾರೇಜಲ್ಲೇ ಬಟ್ಟೆ ಮಡಚ್ತಾ ಇದೀನಿ, ಅದೇ ಮೋಟು ಮೇಜಿನ ಮೇಲೆ. ಬಗ್ಗಿ ಬಗ್ಗಿ ನನ್ನ ಸೊಂಟ ಹೋಯ್ತು. ಚರ್ಚಿನ ಸಂತೆಗೆ ಕೊಟ್ಟುಬಿಡೋಣ ಅಂತ ನೀನು ಹುಟ್ಟೋಕೆ ಮೊದಲಿಂದ ಹೇಳ್ತಿದೀನಿ. "ಇರಲಿ" ಅಂತಾರೆ. ಅದೊಂದೇ ಮಾತು.


ಡೇಟನ್
9 ಸೆಪ್ಟೆಂಬರ್ 1994

ಪ್ರೀತಿಯ ಅಪ್ಪ,

ಡಾ. ಕ್ರಾಲ್ ಓದಿದ್ದು ಲಾಸ್ ಏಂಜಲಿಸ್‌ನಲ್ಲಿ, ಆಗ ನಿಮ್ಮ ರಾಜ್ಯದಲ್ಲಿದ್ದ ಒಂದೇ ಆಸ್ಟಿಯೋಪಥಿ ಕಾಲೇಜಿನಲ್ಲಿ. ನೀವು ಕೇಳಿದ್ದಿರಿ.

ಬೇಸಿಗೆಯೆಲ್ಲ ಗುರುವಾರಗಳಂದು ಅವರ ಚಿಕಿತ್ಸಾಲಯದಲ್ಲಿ ನಿಂತಿದ್ದೆ. ಒಳಕೋಣೆಯಲ್ಲಿ ಒಂದು ಮೇಜಿದೆ. ಗಿಡ್ಡ, ಕಿರಿದು, ಮೇಲೆ ಕಂದು ಚರ್ಮ, ಅಂಚಿನುದ್ದಕ್ಕೂ ಹಿತ್ತಾಳೆಯ ಮೊಳೆಗಳು. ಮೊದಲ ದಿನ ಒಬ್ಬನೇ ಒಬ್ಬ ರೋಗಿಯೂ ಬಂದಿರಲಿಲ್ಲ; ಶುಭ್ರವಾದ ಟವೆಲುಗಳ ರಾಶಿ ಅದರ ಮೇಲಿತ್ತು. ನಾನು ಯೋಚಿಸದೆ ಹೋಗಿ ಮಡಚತೊಡಗಿದೆ. ಸೊಂಟ ಎಷ್ಟು ಬಗ್ಗಬೇಕೆಂಬುದು ನನಗೆ ಗೊತ್ತಿತ್ತು.

ಆ ಮೇಜಿನ ಒಂದು ತುದಿಯಲ್ಲಿ, ರೋಗಿಯ ತಲೆ ಇರುವ ಕಡೆ, ಚರ್ಮ ಸವೆದು ತೆಳ್ಳಗಾಗಿದೆ. ನಮ್ಮ ಗ್ಯಾರೇಜಿನ ಮೇಜಿನ ಒಂದು ತುದಿಯೂ ಹಾಗೇ ಇದೆ. ಅಮ್ಮನ ಇಸ್ತ್ರಿಪೆಟ್ಟಿಗೆಯಿಂದ ಎಂದುಕೊಂಡಿದ್ದೆ.

ಹೋದ ವಾರ ತಲೆನೋವೆಂದು ಒಬ್ಬ ಹೆಂಗಸು ಬಂದರು, ಸಿಟಿ ಬಸ್ ಓಡಿಸುತ್ತಾರೆ. "ಸುಮ್ನೆ ಕಂಬದ ಹಾಗೆ ನಿಲ್ಬೇಡ, ತಲೆ ಹಿಡ್ಕೋ" ಎಂದರು ಡಾ. ಕ್ರಾಲ್. ನಾನು ಆ ಹೆಂಗಸಿನ ತಲೆಯ ಹಿಂದೆ ಮಂಡಿಯೂರಿ ಕೂತು, ಎರಡೂ ಕೈ ಕೆಳಗೆ ತೂರಿಸಿ, ಬುರುಡೆ ಮುಗಿಯುವಲ್ಲಿ ಬೆರಳ ತುದಿಗಳನ್ನಿಟ್ಟು ಕಾದೆ. ಒತ್ತಲಿಲ್ಲ. ತಲೆ ತಾನಾಗಿಯೇ ಭಾರವಾಗುವವರೆಗೆ ಕಾಯಬೇಕು. ನಾನು ಚಿಕ್ಕವಳಿದ್ದಾಗ ಮನೆಯ ಕೋಣೆಯಲ್ಲಿ ಕಾರ್ಪೆಟ್ಟಿನ ಮೇಲೆ ನನ್ನನ್ನು ಮಲಗಿಸಿ, ಪರದೆ ಎಳೆದು, ನೀವು ಹಾಗೇ ಮಾಡುತ್ತಿದ್ದಿರಿ. ಎಲ್ಲ ಮಕ್ಕಳ ತಲೆನೋವಿಗೂ ಅವರವರ ಅಪ್ಪಂದಿರು ಹಾಗೇ ಮಾಡುತ್ತಾರೆಂದು ತಿಳಿದಿದ್ದೆ.

"ಇವಳನ್ನೇ ಇಟ್ಕೊಳಿ ಡಾಕ್ಟ್ರೇ, ನಿಮ್ಮ ಕೈ ಮೀನಿನ ಥರ ತಣ್ಣಗಿರುತ್ತೆ" ಎಂದರು ಆ ಹೆಂಗಸು.

ಅವರು ಹೋದ ಮೇಲೆ ಡಾ. ಕ್ರಾಲ್ ಕೇಳಿದರು, "ಇದನ್ನ ಯಾರು ಕಲಿಸಿದ್ದು?"

"ಯಾರೂ ಕಲಿಸಿಲ್ಲ. ನಮ್ಮಪ್ಪ ಮಾಡ್ತಿದ್ರು."

"ಅಪ್ಪ ಡಿ.ಒ. ನಾ? ಮತ್ತೆ ಬೇರೆ ಯಾರೂ ಇಲ್ಲ ಅಂದೆ?"

"ಅಲ್ಲ, ಎಂ.ಡಿ. ಕ್ಯಾಲಿಫೋರ್ನಿಯಾದಲ್ಲಿ."

ಅವರು ಸ್ಯಾಂಡ್‌ವಿಚ್ ಬಿಚ್ಚುತ್ತಿದ್ದವರು ನಿಲ್ಲಿಸಿದರು. "ಕ್ಯಾಲಿಫೋರ್ನಿಯಾದಲ್ಲಿ ಯಾವ ವರ್ಷದ ಎಂ.ಡಿ.?"

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಗೊತ್ತಿಲ್ಲದೆ ಇದ್ದದ್ದೂ ಗೊತ್ತಿರಲಿಲ್ಲ.

ಆಗ ಹೇಳಿದರು. ಅರವತ್ತೆರಡರಲ್ಲಿ ನಿಮ್ಮ ರಾಜ್ಯದಲ್ಲಿ ಎಂ.ಡಿ. ಮತ್ತು ಡಿ.ಒ. ಎರಡೂ ವೈದ್ಯ ಸಂಘದವರು ಕೂಡಿ, ಆಸ್ಟಿಯೋಪಥಿ ವೈದ್ಯರೆಲ್ಲ ಸ್ವಲ್ಪ ಶುಲ್ಕ ಕಟ್ಟಿ ತಮ್ಮ ಪದವಿಗೆ ಬದಲಾಗಿ ಎಂ.ಡಿ. ತೆಗೆದುಕೊಳ್ಳಬಹುದೆಂದು ಮಾಡಿದರಂತೆ. ಹಳೆಯದನ್ನು ಇನ್ನು ಮುಂದೆ ಬಳಸಬಾರದು. ಸಾವಿರಾರು ಜನ ತೆಗೆದುಕೊಂಡರಂತೆ. ಡಾ. ಕ್ರಾಲ್ ತೆಗೆದುಕೊಳ್ಳಲಿಲ್ಲ.

"ಅದಕ್ಕೆ ಸಾಲಲ್ಲಿ ನಿಂತೋರ ಮೇಲೆ ನಂಗೇನೂ ಸಿಟ್ಟಿಲ್ಲ. ನಂಗೆ ಹಟ ಇತ್ತು, ಅವರಿಗೆ ಬುದ್ಧಿ ಇತ್ತು. ಈಗ ನೋಡು, ಅವರು ಕಿತ್ತಳೆ ತೋಟ ನೋಡ್ತಾ ಕೂತಿದಾರೆ, ನಾನಿಲ್ಲಿ ಹಿಮ ಗೋರ್ತಾ ಇದೀನಿ" ಎಂದರು. ಆಮೇಲೆ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ನನಗೆ ಕೊಟ್ಟರು. ತಿಂದೆ.

ನಾನು ಏನನ್ನೂ ಕೇಳುತ್ತಿಲ್ಲ. ಮೇಜಿನ ವಿಷಯ ಬರೆಯಬೇಕೆನಿಸಿತು, ಅಷ್ಟೇ.

ನಿಮ್ಮ
ಥೀಯಾ


ಟುಲೇರ್
3 ಅಕ್ಟೋಬರ್ 1994

ಥೀಯಾ,

ಈ ಸಲ ನಾನೊಬ್ಳೇ ಬರೀತಿದೀನಿ. ನಿಮ್ಮಪ್ಪ ಬರೆಯೋಕೆ ಕೂತ್ರು, ಪೆನ್ನಿಗೆ ಇಂಕು ತುಂಬಿದ್ರು, ಎದ್ದು ಹೋದ್ರು. ಎರಡು ಸಂಜೆ ಹಾಗೇ ಆಯ್ತು. ಮೂರನೇ ಸಂಜೆ ನಾನೇ ಪೆನ್ನು ತಗೊಂಡೆ.

ನಾನು ಅವರಿಗೆ ಮಾತು ಕೊಟ್ಟಿದೀನಿ, ಅದಕ್ಕೆ ನಿಂಗೆ ಹೌದು ಅಂತಲೂ ಹೇಳಲ್ಲ, ಅಲ್ಲ ಅಂತಲೂ ಹೇಳಲ್ಲ. ನೀನು ನನ್ನ ಹೊಟ್ಟೇಲಿದ್ದಾಗ ಕೇಳಿದ್ರು, ಈ ಮಗು ಡಾಕ್ಟರ ಮಗು ಆಗಿ ಬೆಳೀಲಿ, ಹಿಂದಿನ ಮಾತು ಮನೇಲಿ ಬೇಡ ಅಂತ. ಕಟ್ಕೊಂಡಾಗಿನಿಂದ ನನ್ನ ಹತ್ರ ಅವರು ಕೇಳಿದ್ದು ಅದೊಂದೇ. ಕಾಫಿ ಕೂಡ ಕೇಳಲ್ಲ, ಕೊಟ್ರೆ ಕುಡೀತಾರೆ.

ನಾನು ಮೊನ್ನೆ ಹೇಳಿದೆ, "ಅವಳು ಮೂರು ವರ್ಷ ಆ ಎಂ.ಡಿ. ಕಾಲೇಜಿನೋರ ಹತ್ರ ಬೇಡ ಅನ್ನಿಸ್ಕೊಂಡ್ಲು. ನಿಮ್ಮ ಥರ ಆಗ್ಬೇಕು ಅಂತ. ನೀವು ಯಾವ ಥರ ಅಂತ ಅವಳಿಗೆ ಯಾರು ಹೇಳಿದ್ರು?"

"ಊಟ ಮಾಡು" ಅಂದ್ರು.

ನಿನ್ನ ಮೇಲೆ ಕೋಪ ಇಲ್ಲ ಅವರಿಗೆ. ಅಷ್ಟು ಮಾತ್ರ ನಾನು ಹೇಳಬಹುದು. ಇಲ್ಲಿ ಅಕ್ರೋಟು ಉದುರಿಸ್ತಿದಾರೆ, ಒಂದು ಪೊಟ್ಟಣ ಕಳಿಸ್ತೀನಿ.

ಅಮ್ಮ


ಡೇಟನ್
5 ಡಿಸೆಂಬರ್ 1994

ಪ್ರೀತಿಯ ಅಪ್ಪ,

ಅಕ್ರೋಟು ಬಂತು. ಅಮ್ಮನಿಗೆ ಹೇಳಿ.

ಒಂದು ಶಾಲೆಯವರು ಮಾತ್ರ ಸಂದರ್ಶನಕ್ಕೆ ಕರೆದರು, ಮಿಸೌರಿಯಲ್ಲಿ. ಹೋಗಿ ಬಂದೆ. ಒಂದೇ ನೀಲಿ ಸೂಟು ಮೂರು ವರ್ಷದಿಂದ ಎಲ್ಲ ಸಂದರ್ಶನಗಳನ್ನೂ ನೋಡಿದೆ. ನನಗಿಂತ ಅದಕ್ಕೇ ಹೆಚ್ಚು ಅನುಭವ. ನಮ್ಮನ್ನು ಒಂದು ಕೋಣೆಯಲ್ಲಿ ಕೂರಿಸಿದರು. ಹುಡುಗರೆಲ್ಲ ಪಾಠ ಒಪ್ಪಿಸುವಂತೆ "ದೇಹವನ್ನು ಇಡಿಯಾಗಿ ನೋಡಬೇಕು" ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದರು. ನಾನೂ ಅದನ್ನೇ ಕಲಿತು ಹೋಗಿದ್ದೆ.

ಮೇಜಿನಾಚೆ ಇಬ್ಬರು. ಒಬ್ಬರು ಬಿಳಿ ಕೂದಲಿನ ವೈದ್ಯೆ. ನನ್ನ ಕಡತ ನೋಡಿ, "ಮೂರು ಸಲ ಅಲ್ಲಿ ಪ್ರಯತ್ನ ಮಾಡಿ ಆಗ್ಲಿಲ್ಲ, ಅದಕ್ಕೆ ಇಲ್ಲಿಗೆ ಬಂದ್ರಿ. ಅಲ್ವಾ?" ಎಂದರು. ಸಿಟ್ಟಿರಲಿಲ್ಲ. ಎಷ್ಟೋ ಜನರನ್ನು ಕೇಳಿ ಸವೆದುಹೋದ ಪ್ರಶ್ನೆ.

"ಹೌದು" ಎಂದೆ.

"ಮನೇಲಿ ಡಾಕ್ಟ್ರು ಯಾರಾದ್ರೂ ಇದಾರಾ?"

"ನಮ್ಮ ತಂದೆ."

"ಎಂ.ಡಿ.?"

ಕಲಿತು ಹೋದದ್ದೆಲ್ಲ ನನ್ನಲ್ಲಿತ್ತು. ಎಂ.ಡಿ. ಎಂದಿದ್ದರೂ ಅದು ಸುಳ್ಳಲ್ಲ. ಆದರೆ ನನ್ನ ಬಾಯಿಂದ ಬಂದದ್ದು ಇದು: "ಅವರು ಆಸ್ಟಿಯೋಪಥಿ ವೈದ್ಯರು. ಲಾಸ್ ಏಂಜಲಿಸ್‌ನಲ್ಲಿ ಓದಿದವರು. ಅರವತ್ತೆರಡಕ್ಕೆ ಮೊದಲು."

ಅವರು ಕನ್ನಡಕ ತೆಗೆದರು. ಪಕ್ಕದವರು ಏನೋ ಬರೆಯುತ್ತಿದ್ದವರು ತಲೆಯೆತ್ತಿದರು. "ಈಗ್ಲೂ ಕೈ ಚಿಕಿತ್ಸೆ ಮಾಡ್ತಾರಾ?" ಎಂದು ಆಕೆ ಕೇಳಿದರು.

"ಮನೇಲಿ ಮಾಡ್ತಿದ್ರು. ಪರದೆ ಎಳ್ಕೊಂಡು."

ಆಮೇಲೆ ಅವರು ಬೇರೆ ಏನನ್ನೂ ಕೇಳಲಿಲ್ಲ. ಅದು ಒಳ್ಳೆಯದೋ ಕೆಟ್ಟದೋ ಗೊತ್ತಿಲ್ಲ. ಹಿಂದಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಗಾಜು ತಣ್ಣಗಿತ್ತು, ತಲೆ ಆನಿಸಿ ಕೂತಿದ್ದೆ.

ನೀವು ಹೇಳದೆ ಇದ್ದ ಮಾತನ್ನು ನಿಮ್ಮನ್ನು ಕೇಳದೆ ಹೇಳಿದ್ದೇನೆ. ಅದು ನಿಜವಲ್ಲದಿದ್ದರೆ ತಿಳಿಸಿ, ಅವರಿಗೆ ಬರೆದು ತಿದ್ದುತ್ತೇನೆ. ನಿಜವಾಗಿದ್ದರೂ ನಾನು ಹೇಳಬಾರದಿತ್ತು ಎನಿಸಿದರೆ ಅದನ್ನೂ ತಿಳಿಸಿ.

ನಿಮ್ಮ
ಥೀಯಾ


ಡೇಟನ್
20 ಜನವರಿ 1995

ಅಪ್ಪ,

ಕ್ರಿಸ್ಮಸ್ಸಿಗೆ ಅಮ್ಮ ಕಳಿಸಿದ ಕಾರ್ಡಿನಲ್ಲಿ ನಿಮ್ಮ ಸಹಿ ಇತ್ತು. ಅದರ ಮೇಲೆ ಒಂದು ಸಾಲೂ ಇರಲಿಲ್ಲ.

ಮಿಸೌರಿಯಿಂದ ನಿನ್ನೆ ದಪ್ಪ ಲಕೋಟೆ ಬಂತು. ಸೀಟು ಸಿಕ್ಕಿದೆ. ಆಗಸ್ಟಿನಲ್ಲಿ ಶುರು.

ಅಡುಗೆಮನೆಯಲ್ಲಿ ನಿಂತು ಓದಿದೆ, ಫ್ರಿಜ್ಜಿನ ಮೇಲಿಟ್ಟೆ. ಏನಾದರೂ ಆಗಬಹುದೆಂದು ಕಾದೆ. ಪಕ್ಕದ ಮನೆಯವರು ಟೀವಿ ಹಾಕಿದ್ದರು. ಇವತ್ತು ವಾರ್ಡಿನಲ್ಲಿ ಯಾರಿಗೂ ಹೇಳಲಿಲ್ಲ. ಡಾ. ಕ್ರಾಲ್‌ಗೆ ಮಾತ್ರ ಹೇಳಿದೆ. "ಮುಖ ಯಾಕೆ ಹಾಗಿಟ್ಕೊಂಡಿದೀಯಾ, ಸತ್ತೋರು ಯಾರು?" ಎಂದು ಕೇಳಿದರು.

ನಿಮ್ಮ ಉತ್ತರ ಬರಲಿಲ್ಲ. ಬರದಿದ್ದರೂ ಹೋಗುತ್ತೇನೆ. ಅದನ್ನು ತಿಳಿಸಬೇಕಿತ್ತು.

ಥೀಯಾ


ಟುಲೇರ್
12 ಫೆಬ್ರವರಿ 1995

ಥೀಯಾ,

ನೀನು ಅವರಿಗೆ ಹೇಳಿದ್ದು ನಿಜ. ತಿದ್ದಬೇಕಾಗಿಲ್ಲ.

ಡಿಸೆಂಬರಿನಿಂದ ಇಲ್ಲಿ ಮಂಜು. ಹೆದ್ದಾರಿಯಲ್ಲಿ ಕಾರುಗಳು ಒಂದಕ್ಕೊಂದು ಹೊಡೆದುಕೊಂಡು, ಕತ್ತು ಉಳುಕಿಸಿಕೊಂಡವರು ಬಹಳ ಜನ ಬಂದರು. ಅವರಿಗೆ ಮಾತ್ರೆ ಮತ್ತು ಕತ್ತಿನ ಪಟ್ಟಿ ಬರೆದುಕೊಟ್ಟು ಕಳಿಸುತ್ತಿದ್ದೆ. ಇಷ್ಟು ವರ್ಷ ಹಾಗೇ ಕಳಿಸಿದ್ದೇನೆ.

ಅರವತ್ತೆರಡರಲ್ಲಿ ಎಂ.ಡಿ. ತೆಗೆದುಕೊಂಡ ದಿನ ಒಂದು ದೊಡ್ಡ ಸಭಾಂಗಣದಲ್ಲಿ ಸಾಲು ನಿಂತಿದ್ದೆವು. ಕೋಟು ಹಾಕಿಕೊಂಡು ಬಂದು ಎಲ್ಲರೂ ಬೆವರುತ್ತಿದ್ದೆವು. ನನ್ನ ಮುಂದೆ ನನ್ನ ಸಹಪಾಠಿಯೊಬ್ಬನಿದ್ದ. ಅವನು ಹಿಂದೆ ತಿರುಗಿ, "ಗೆರಿಟ್, ಒಳಗೆ ಹೋಗೋವಾಗ ಲಟಿಕೆ ಡಾಕ್ಟ್ರು, ಹೊರಗೆ ಬರೋವಾಗ ಡಾಕ್ಟ್ರು" ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮಾರನೆಯ ಬೆಳಿಗ್ಗೆ ಬಂದವರು ಅದೇ ರೋಗಿಗಳು. ಆ ವಾರ ಮೇಜನ್ನು ಮನೆಗೆ ತಂದೆ.

ಅದರ ಚರ್ಮ ಹಾಳಾಗಿತ್ತು. ಕುದುರೆಯ ಜೀನು ಹೊಲಿಯುವ ಇಬಾರಾನ ಹತ್ತಿರ ಹೊಸ ಚರ್ಮ ಹಾಕಿಸಿದ್ದೇನೆ. ಹಿತ್ತಾಳೆಯ ಮೊಳೆಗಳು ಹಳೆಯವೇ, ಉಜ್ಜಿದ್ದೇನೆ. ಅಮ್ಮನಿಗೆ ಬಟ್ಟೆ ಮಡಚಲು ಬೇರೆ ಮೇಜು ಕೊಂಡುಕೊಟ್ಟೆ. ಅದು ಎತ್ತರ ಹೆಚ್ಚಾಯಿತೆಂದು ಈಗ ದೂರುತ್ತಿದ್ದಾಳೆ. ಮೇಜು ಗಟ್ಟಿಯಾಗಿದೆಯೇ ನೋಡಲು ಬೋರ್ಬಾನನ್ನು ಅದರ ಮೇಲೆ ಮಲಗಿಸಿದೆ. ಅವನ ಸೊಂಟಕ್ಕೆ ನಾನೇನೋ ಮಾಡಿದೆ. "ಇಷ್ಟು ವರ್ಷ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ ಡಾಕ್ಟ್ರೇ?" ಎಂದ. ಬಟ್ಟೆಯ ಕೆಳಗೆ ಎಂದೆ.

ಆಗಸ್ಟಿನಲ್ಲಿ ಮೇಜನ್ನು ಅವನ ಟ್ರಕ್ಕಿನಲ್ಲಿ ಹಾಕಿಕೊಂಡು ಮಿಸೌರಿಗೆ ತರುತ್ತೇನೆ. ನಿನಗೆ ಅಭ್ಯಾಸಕ್ಕೆ ಬೇಕಾಗುತ್ತದೆ.

ಒಂದು ಕೆಲಸ ಬಾಕಿ ಇದೆ. ಅದನ್ನು ನನ್ನ ಎತ್ತರಕ್ಕೆ ಮಾಡಿಸಿದ್ದು. ನೀನು ನಿನ್ನಮ್ಮನ ಕಡೆಯವರಂತೆ ಉದ್ದ. ಹಾಗೇ ಕೊಟ್ಟರೆ ನಿನ್ನ ಸೊಂಟ ಹೋಗುತ್ತದೆ. ಕಾಲುಗಳಿಗೆ ಮರದ ತುಂಡು ಕೊಡಬೇಕು. ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಲ್ಲು. ಕೈ ಸಡಿಲ ಬಿಡು. ನೆಲದಿಂದ ನಿನ್ನ ಬೆರಳಿನ ಗಿಣ್ಣಿನವರೆಗೆ ಎಷ್ಟಿದೆ ಅಳೆದು ಬರೆ. ಶೂ ಹಾಕಿಕೊಂಡೇ ಅಳೆ. ನೀನೇ ಬಗ್ಗಿ ಅಳೆದರೆ ತಪ್ಪು ಬರುತ್ತದೆ, ಬೇರೆಯವರಿಂದ ಅಳೆಸು.

ನಿನ್ನ ತಂದೆ,
ಗೆರಿಟ್ ವೇನ್‌ಸ್ಟ್ರಾ


ಡೇಟನ್
25 ಫೆಬ್ರವರಿ 1995
(ಅಂಚೆ ಕಾರ್ಡು)

ಅಪ್ಪ,

ಇಪ್ಪತ್ತೊಂಬತ್ತು ಇಂಚು, ಶೂ ಸಮೇತ. ಡಾ. ಕ್ರಾಲ್ ಅಳೆದರು. ಮಂಡಿಯೂರಿ ಕೂತು, ಟೇಪು ಹಿಡಿದು, ಏಳಲಾಗದೆ ನನ್ನ ಕೈ ಹಿಡಿದು ಎದ್ದರು. "ನಿಮ್ಮಪ್ಪನಿಗೆ ಹೇಳು, ಅರ್ಧ ಇಂಚು ಕಮ್ಮಿ ಇಡ್ಲಿ. ವಯಸ್ಸಾದ್ಮೇಲೆ ಎಲ್ರೂ ಬಗ್ತಾರೆ" ಎಂದರು. ಆಮೇಲೆ, "ಬೇಡ, ಇದ್ದಷ್ಟೇ ಬರಿ" ಎಂದರು.

ಇದ್ದಷ್ಟೇ ಬರೆದಿದ್ದೇನೆ.

ಥೀಯಾ